ಇಂಗ್ಲಿಷ್ ಕಾಗದದೊಳಗಿನ 'ಹಿ' ಅಂದರೆ ಯಾರು?



ಹೊಲ ನಮ್ಮದು, ಬೆಳೆ ನಮ್ಮದು, ಮಾತೂ ನಮ್ಮದು. ಆದರೆ ಮನೆಗೆ ಬರುವ ಕಾಗದಗಳಲ್ಲಿ ಬಹಳಷ್ಟು ಇಂದಿಗೂ ಇಂಗ್ಲಿಷಿನಲ್ಲಿಯೇ ಇರುತ್ತವೆ. ಬ್ಯಾಂಕಿನ ಸಾಲದ ಕರಾರುಪತ್ರ, ಒಣದ್ರಾಕ್ಷಿ ಇಟ್ಟುಬಂದ ಕೋಲ್ಡ್ ಸ್ಟೋರೇಜಿನ ಪಾವತಿ, ಔಷಧದ ಡಬ್ಬಿಯ ಸಂಗಡ ಬರುವ ಚೀಟಿ, ವಿಜಯಪುರದಲ್ಲಿ ಕಲಿಯುವ ಮಗಳ ಹಾಸ್ಟೆಲಿನ ಅರ್ಜಿ, ಮೊಬಾಯಿಲಿನ ಸಂದೇಶ, ಹೀಗೆ ದಿನಕ್ಕೊಂದು. ಓದಿ ಹೇಳಲಿಕ್ಕೆ ಮನೆಯಲ್ಲಿ ಹುಡುಗರಿದ್ದಾರೆ. ದೊಡ್ಡ ಶಬ್ದ ಬಂದರೆ ಅವರು ಮೊಬಾಯಿಲಿನಲ್ಲಿ ಹುಡುಕಿ ಅರ್ಥ ತೆಗೆಯುತ್ತಾರೆ. ಆದರೆ ನಾನು ತಿಕೋಟಾ ಹಾಗೂ ಬಬಲೇಶ್ವರ ಕಡೆಯ ಊರುಗಳಲ್ಲಿ ತಿರುಗುವಾಗ ಕಂಡದ್ದೇನೆಂದರೆ, ತೊಡಕು ಇರುವದು ದೊಡ್ಡ ಶಬ್ದಗಳಲ್ಲಿ ಅಲ್ಲ, ಎರಡು-ಮೂರು ಅಕ್ಷರದ ಸಣ್ಣ ಶಬ್ದಗಳಲ್ಲಿ. ಐ, ವಿ, ಯು, ಹಿ, ಶಿ, ಇಟ್, ದೇ. ಇವನ್ನು ಹುಡುಗರು ಪ್ರಾಥಮಿಕ ಶಾಲೆಯಲ್ಲಿಯೇ ಕಲಿತಿರುತ್ತಾರೆ. ಅದರಿಂದ ಯಾರೂ ಕೇಳುವದಿಲ್ಲ, ಯಾರೂ ಹೇಳುವದಿಲ್ಲ. 'ಹಿ' ಅಂದರೆ 'ಅವನು' ಎಂಬುದು ಎಲ್ಲರಿಗೂ ಗೊತ್ತು. ಯಾವ ಅವನು ಎಂಬುದು ಗೊತ್ತಿಲ್ಲದೆಯೇ ಸಹಿ ಬಿದ್ದಿರುತ್ತದೆ.

ಆದ್ದರಿಂದ ಈ ಸಲದ ಪಾಠಕ್ಕೆ ಇಂಗ್ಲಿಷ್ ಸರ್ವನಾಮಗಳನ್ನೇ ತೆಗೆದುಕೊಂಡಿದ್ದೇನೆ. ಕೃಷಿ ಡಿಪ್ಲೊಮಾ ಓದಿದವನಿಗೆ ವ್ಯಾಕರಣದ ಉಸಾಬರಿ ಯಾಕೆ ಎಂದು ನಗುವವರು ನಗಲಿ. ಔಷಧ ಬೆರೆಸುವ ಚೀಟಿಯನ್ನು ತಪ್ಪು ಓದಿದರೆ ಸುಡುವದು ಬಳ್ಳಿಯ ಎಲೆಯೇ ಹೊರತು ವ್ಯಾಕರಣದ ಪುಸ್ತಕವಲ್ಲ.

ಹೆಸರಿನ ಬದಲಿಗೆ ಬಂದ ಹೆಸರು

'ಭೀಮಪ್ಪ ಸಂತೆಗೆ ಹೋದನು, ಭೀಮಪ್ಪ ಎತ್ತು ಕೊಂಡನು, ಭೀಮಪ್ಪ ಮನೆಗೆ ಬಂದನು' ಎಂದು ಯಾರೂ ಮಾತಾಡುವದಿಲ್ಲ. ಒಮ್ಮೆ ಭೀಮಪ್ಪ ಅಂದ ಬಳಿಕ ಮುಂದೆ 'ಅವನು' ಅಂದರೆ ಸಾಕು. ಇಂಥ ಶಬ್ದಕ್ಕೆ ಇಂಗ್ಲಿಷಿನಲ್ಲಿ 'ಪ್ರೊನೌನ್' ಎಂದು ಹೆಸರು. ಲ್ಯಾಟಿನ್ ಮೂಲದ ಈ ಶಬ್ದಕ್ಕೆ ನಾಮದ ಬದಲಿಗೆ ನಿಂತದ್ದು ಎಂದು ಅರ್ಥ, ಕೂಲಿಗೆ ಬಾರದವನ ಜಾಗದಲ್ಲಿ ಅವನ ತಮ್ಮ ಬಂದು ನಿಂತಂತೆ. ನಮ್ಮ ಹೆಸರಿನ ದಾರಿ ಬೇರೆ. 'ಸರ್ವ' ಎಂಬ ಶಬ್ದದಿಂದ ಮೊದಲಾಗುವ ಒಂದು ಗುಂಪನ್ನು ಸಂಸ್ಕೃತದ ವ್ಯಾಕರಣಕಾರನಾದ ಪಾಣಿನಿಯು ಸರ್ವನಾಮವೆಂದು ಕರೆದನು. ಎಲ್ಲರಿಗೂ ಸಲ್ಲುವ ಹೆಸರು ಎಂತಲೂ ಅದನ್ನು ತಿಳಿಯಬಹುದು. ನನಗೆ ಈ ಅರ್ಥವೇ ಹೆಚ್ಚು ಸೇರುತ್ತದೆ. ಎಲ್ಲರಿಗೂ ಸಲ್ಲುವ ಹೆಸರು, ತಾನು ಈ ಹೊತ್ತು ಯಾರಿಗೆ ಸಂದಿದೆ ಎಂಬುದನ್ನು ತಾನಾಗಿ ಹೇಳಲಾರದು. ಅದನ್ನು ಓದುವವನು ಹುಡುಕಬೇಕು.

ಜಗತ್ತಿನ ಭಾಷೆಗಳ ಸರ್ವನಾಮಗಳನ್ನೇ ಕುರಿತು ಒಂದು ಪೂರ್ಣ ಇಂಗ್ಲಿಷ್ ಗ್ರಂಥ ಬರೆದವರು ನಮ್ಮ ಕನ್ನಡದ ಭಾಷಾಪಂಡಿತರಾದ ಡಿ. ಎನ್. ಶಂಕರ ಭಟ್ಟರು. 2004ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯವು ಅದನ್ನು ಪ್ರಕಟಿಸಿತು. 'ನಾನು, ನೀನು' ಒಂದು ಜಾತಿ. 'ಅವನು, ಅವಳು, ಅದು' ಇನ್ನೊಂದು ಜಾತಿ ಎಂದು ಅವರು ಬೇರ್ಪಡಿಸಿದ್ದಾರೆ. ಇದು ಪಂಡಿತರಿಗಷ್ಟೇ ಬೇಕಾದ ಮಾತಲ್ಲ, ನಮಗೂ ಬೇಕು. 'ನಾನು' ಅಂದಾಗ ಎದುರಿಗೆ ಬಾಯಿ ಕಾಣುತ್ತದೆ, ಅದು ಯಾವ ಹೆಸರಿಗೂ ಬದಲಿಯಲ್ಲ. ಕಾಗದಕ್ಕೆ ಮಾತ್ರ ಬಾಯಿಯಿಲ್ಲ. ಅದಕ್ಕೇ ಪ್ರಮಾಣಪತ್ರದಲ್ಲಿ 'ಐ' ಎಂದು ಬರೆದು, ಅದಕ್ಕೆ ಅಂಟಿಕೊಂಡೇ ನಿಮ್ಮ ಹೆಸರು, ತಂದೆಯ ಹೆಸರು, ವಯಸ್ಸು, ಊರು ಎಲ್ಲವನ್ನೂ ಬರೆಯುತ್ತಾರೆ. ಆ ಸಾಲಿನಲ್ಲಿ ಖಾಲಿ ಜಾಗ ಬಿಟ್ಟು ಸಹಿ ಮಾಡಿಕೊಟ್ಟರೆ, 'ಐ' ಎಂಬುದು ಯಾರ ಬಾಯಿಯೂ ಆಗಬಹುದು.

ರೂಪಗಳು

ಕನ್ನಡದಲ್ಲಿ ನಾನು, ನನ್ನನ್ನು, ನನಗೆ, ನನ್ನಿಂದ, ನನ್ನ, ನನ್ನಲ್ಲಿ ಎಂದು ವಿಭಕ್ತಿ ಹಚ್ಚುತ್ತ ಹೋಗುತ್ತೇವೆ. ಇಂಗ್ಲಿಷಿನಲ್ಲಿ ಇಷ್ಟು ಇಲ್ಲ. ಕೆಲಸ ಮಾಡುವವನಾದರೆ 'ಐ', ಕೆಲಸ ತನ್ನ ಮೇಲೆ ಬಂದರೆ ಅಥವಾ ತನಗೆ ಏನಾದರೂ ಸಿಕ್ಕರೆ 'ಮೀ', ಒಡೆತನಕ್ಕೆ 'ಮೈ'. 'ಈ ಹೊಲ ನನ್ನದು' ಎಂದು ಕೊನೆಗೆ ನಿಲ್ಲಿಸುವಾಗ 'ಮೈನ್'. ಇದೇ ಓಳಿಯಲ್ಲಿ ವಿ, ಅಸ್, ಅವರ್, ಅವರ್ಸ್. ಹಿ, ಹಿಮ್, ಹಿಸ್. ಶಿ, ಹರ್, ಹರ್ಸ್. ದೇ, ದೆಮ್, ದೇರ್, ದೇರ್ಸ್. 'ಯು' ಮತ್ತು 'ಇಟ್' ಮಾತ್ರ ಮೈಗಳ್ಳರು, ಮಾಡುವವನಾದರೂ ಮಾಡಿಸಿಕೊಳ್ಳುವವನಾದರೂ ಅದೇ ರೂಪ. 'ಹರ್' ಎಂಬುದು 'ಅವಳಿಗೆ'ಯೂ ಹೌದು, 'ಅವಳ'ವೂ ಹೌದು. 'ಗೇವ್ ಹರ್ ಗೋಲ್ಡ್' ಅಂದರೆ ಅವಳಿಗೆ ಬಂಗಾರ ಕೊಟ್ಟರೋ, ಅವಳ ಬಂಗಾರವನ್ನು ಯಾರಿಗೋ ಕೊಟ್ಟರೋ ಎಂಬುದು ಮುಂದಿನ ಮಾತು ನೋಡಿದ ಮೇಲೆಯೇ ತಿಳಿಯುವದು.

ಇನ್ನೊಂದು ದೊಡ್ಡ ಭೇದವಿದೆ. ನಮ್ಮ ಕ್ರಿಯಾಪದದ ಬಾಲದಲ್ಲಿಯೇ ಆಳು ಕೂತಿರುತ್ತಾನೆ. 'ಬಂದೆನು' ಅಂದರೆ ನಾನು, 'ಬಂದಳು' ಅಂದರೆ ಅವಳು, 'ಬಂದಿತು' ಅಂದರೆ ಅದು. ಸರ್ವನಾಮ ಬಿಟ್ಟರೂ ನಡೆಯುತ್ತದೆ. ಇಂಗ್ಲಿಷಿನ 'ಕೇಮ್' ಎಂಬುದಕ್ಕೆ ಬಾಲವಿಲ್ಲ. ಎತ್ತು ಬಂದರೂ ಕೇಮ್, ಅತ್ತೆ ಬಂದರೂ ಕೇಮ್, ಊರಿಗೆ ಊರೇ ಬಂದರೂ ಕೇಮ್. ಕಾರಣ ಅಲ್ಲಿ ಸರ್ವನಾಮವನ್ನು ಬಿಡುವಂತಿಲ್ಲ. ನಮ್ಮ ಹುಡುಗರು 'ಯೆಸ್ಟರ್ಡೇ ಕೇಮ್ ಟು ಬ್ಯಾಂಕ್' ಎಂದು ಅರ್ಜಿಯಲ್ಲಿ ಬರೆಯುವದು ಕನ್ನಡದ ಈ ರೂಢಿಯಿಂದ. ಓದುವ ಅಧಿಕಾರಿಗೆ ಬಂದವರು ಯಾರೆಂದು ತಿಳಿಯಬೇಕಾದರೆ 'ಐ ಕೇಮ್' ಅಥವಾ 'ಮೈ ಫಾದರ್ ಕೇಮ್' ಎಂದೇ ಬರೆಯಬೇಕು.

ಈ ನಿಯಮ ಎಷ್ಟು ಬಿಗಿಯೆಂದರೆ, ಮಾಡುವವರು ಯಾರೂ ಇಲ್ಲದಿದ್ದರೂ ಒಬ್ಬನನ್ನು ತಂದು ನಿಲ್ಲಿಸುತ್ತಾರೆ. ಮಳೆ ಬರುತ್ತಿದೆ ಎನ್ನಲಿಕ್ಕೆ 'ಇಟ್ ಈಸ್ ರೇನಿಂಗ್'. ಇಲ್ಲಿ 'ಇಟ್' ಅಂದರೆ ಯಾವುದು ಎಂದು ಹುಡುಕಲು ಹೋಗಬೇಡಿರಿ. ಅದು ಮೋಡವೂ ಅಲ್ಲ, ದೇವರೂ ಅಲ್ಲ; ಖಾಲಿ ಕುರ್ಚಿ ಕಾಯಲು ಕೂಡಿಸಿದ ಶಬ್ದ. 'ಇಟ್ ಈಸ್ ಡಿಕ್ಲೇರ್ಡ್', 'ಇಟ್ ಈಸ್ ಅಗ್ರೀಡ್' ಎಂದು ಕರಾರುಪತ್ರಗಳಲ್ಲಿ ಬರುವ 'ಇಟ್' ಕೂಡ ಈ ಬಗೆಯದೇ. ಅಲ್ಲಿ ಯಾರು ಒಪ್ಪಿದರೆಂಬುದು ಕಾಣುವದಿಲ್ಲ. ಕಾಗದದ ಕೆಳಗೆ ಸಹಿ ಮಾಡಿದವರೇ ಒಪ್ಪಿದವರು.

ಮರ್ಯಾದೆ ಎಲ್ಲಿ ಹೋಯಿತು?

ನಮ್ಮಲ್ಲಿ ಮಗುವಿಗೆ 'ನೀ', ಹಿರಿಯರಿಗೆ 'ನೀವು', ಸಭೆಯಲ್ಲಿ 'ತಾವು'. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯು'. ಬ್ಯಾಂಕಿನಿಂದ ಬಂದ ಪತ್ರವನ್ನು ಮೊಮ್ಮಗ 'ನೀನು ಹಣ ತುಂಬಿಲ್ಲ' ಎಂದು ಓದಿ ಹೇಳಿದರೆ ಅಜ್ಜನಿಗೆ ಸಿಟ್ಟು ಬರುವದು ಸಹಜ. ಆದರೆ ತಪ್ಪು ಪತ್ರದ್ದಲ್ಲ, ಮೊಮ್ಮಗನ ಅನುವಾದದ್ದು. ನಿಜ ನೋಡಿದರೆ 'ಯು' ಎಂಬುದು ಮೂಲದಲ್ಲಿ ಬಹುವಚನವೇ. ಒಬ್ಬನಿಗೆ ಹೇಳುವ 'ದೌ' ಎಂಬ ಶಬ್ದ ಬೇರೆ ಇತ್ತು. ದೊಡ್ಡವರಿಗೆ 'ಯು' ಅನ್ನುವ ರೂಢಿ ಬೆಳೆಯುತ್ತ ಬೆಳೆಯುತ್ತ, ಹದಿನೇಳನೆಯ ಶತಮಾನದ ಹೊತ್ತಿಗೆ ನಿತ್ಯದ ಮಾತಿನಲ್ಲಿ 'ದೌ' ಬಹುಮಟ್ಟಿಗೆ ಹಿಂದೆ ಬಿದ್ದು, ಎಲ್ಲರೂ 'ಯು' ಆದರು. ಅಂದರೆ ಇಂಗ್ಲಿಷಿನವರು 'ನೀವು' ಇಟ್ಟುಕೊಂಡು 'ನೀನು' ಬಿಟ್ಟವರು! ಒಬ್ಬನೇ ಇದ್ದರೂ 'ಯು ಈಸ್' ಅನ್ನದೆ 'ಯು ಆರ್' ಅನ್ನುವದು ಆ ಹಳೆಯ ಬಹುವಚನದ ಗುರುತು. ಆದ್ದರಿಂದ ಹಿರಿಯರಿಗೆ ಓದಿ ಹೇಳುವ ಮಕ್ಕಳು 'ಯು' ಬಂದಲ್ಲಿ 'ನೀವು' ಎಂದೇ ಹೇಳತಕ್ಕದ್ದು.

ಇದಕ್ಕೆ ತಿರುವುಮುರುವಾದ ತೊಡಕು ಬರೆಯುವಾಗ ಬರುತ್ತದೆ. ನಾವು ಅಪ್ಪನಿಗೆ 'ಅವನು' ಅನ್ನುವದಿಲ್ಲ, 'ಅವರು' ಅನ್ನುತ್ತೇವೆ. ಅದೇ ಮರ್ಯಾದೆಯಿಂದ ಹುಡುಗರು ಇಂಗ್ಲಿಷಿನಲ್ಲಿ 'ಮೈ ಫಾದರ್ ಈಸ್ ಎ ಫಾರ್ಮರ್. ದೇ ಹ್ಯಾವ್ ಫೋರ್ ಎಕರ್ಸ್' ಎಂದು ಬರೆಯುತ್ತಾರೆ. ಓದುವವನು 'ದೇ' ಎಂಬುದನ್ನು ನೋಡಿ ನಾಲ್ಕು ಎಕರೆ ಅಪ್ಪನದೊಬ್ಬನದಲ್ಲ, ಜಂಟಿ ಹೊಲ ಎಂದುಕೊಂಡಾನು. ಶಿಷ್ಯವೇತನದ ಅರ್ಜಿಯಲ್ಲಿ ಇಂಥ ಒಂದು ಸಾಲಿನಿಂದ ಮತ್ತೊಂದು ದಾಖಲೆ ತರಲು ಹೇಳಿ ಕಳಿಸಿದ್ದನ್ನು ಕಂಡಿದ್ದೇನೆ. ಅಪ್ಪನಿಗೆ 'ಹಿ' ಅಂದರೆ ಅಗೌರವವಾಗುವದಿಲ್ಲ. ಇಂಗ್ಲಿಷಿನಲ್ಲಿ ಗೌರವವು 'ಸರ್', 'ಪ್ಲೀಜ್', 'ಕೈಂಡ್ಲಿ' ಮುಂತಾದ ಬೇರೆ ಶಬ್ದಗಳಲ್ಲಿದೆ, ಸರ್ವನಾಮದಲ್ಲಿ ಇಲ್ಲ.

ಇನ್ನು ನಮ್ಮ ತಾಯಂದಿರ ವಿಷಯ. ಗಂಡನ ಹೆಸರು ಹೇಳದೆ 'ಅವರು', 'ನಮ್ಮ ಮನಿಯವರು' ಎಂದು ತೀರಿಸುವ ರೂಢಿ ಇನ್ನೂ ಇದೆ. ಊರಲ್ಲಿ ಅದು ನಡೆಯುತ್ತದೆ, ಎಲ್ಲರಿಗೂ ಗೊತ್ತಿರುವವರೇ. ಆದರೆ ಅರ್ಜಿ ಬರೆಯುವವನಿಗೆ 'ಅವರು ಹೋದ ವರುಷ ತೀರಿಕೊಂಡರು, ಅವರ ಹೆಸರಿನಲ್ಲಿ ಹೊಲ ಇತ್ತು' ಎಂದಷ್ಟೇ ಹೇಳಿಸಿ ಬರೆಸಿದರೆ, ಇಂಗ್ಲಿಷಿನಲ್ಲಿ ಎರಡು ಸಲ 'ಹಿ' ಬಂದು ಹೆಸರೇ ಬಾರದೆ ಹೋಗುವದುಂಟು. ಅಕ್ಕ-ತಂಗಿಯರೇ, ಬಾಯಿಂದ ಹೇಳಲು ಮನಸ್ಸು ಒಪ್ಪದಿದ್ದರೆ ಚೀಟಿಯಲ್ಲಿ ಬರೆದು ಕೊಡಿರಿ, ಇಲ್ಲವೆ ಆಧಾರ್ ಕಾರ್ಡು ತೋರಿಸಿರಿ. ಮೊದಲು ಹೆಸರು, ಆಮೇಲೆ ಸರ್ವನಾಮ. ಇಂಗ್ಲಿಷ್ ಬರವಣಿಗೆಗೆ ಇದು ಬೇಲಿಯಿದ್ದಂತೆ.

ಕಾಯಿದೆಯ ಪುಸ್ತಕಗಳಲ್ಲಿ ಎಲ್ಲೆಲ್ಲೂ 'ಹಿ' ಎಂದೇ ಇರುವದನ್ನು ಕಂಡು, ಇದು ಗಂಡಸರಿಗಷ್ಟೇ ಎಂದು ತಿಳಿಯುವವರುಂಟು. ಹಾಗಲ್ಲ. 1897ರ ಜನರಲ್ ಕ್ಲಾಜಸ್ ಆಕ್ಟಿನ 13ನೆಯ ಕಲಮಿನಂತೆ, ಸಂದರ್ಭವು ಬೇರೆ ಹೇಳದಿದ್ದರೆ, ಕೇಂದ್ರದ ಕಾಯಿದೆಗಳಲ್ಲಿ ಪುಲ್ಲಿಂಗದ ಶಬ್ದವು ಹೆಂಗಸರನ್ನೂ ಒಳಗೊಳ್ಳುತ್ತದೆ. ಏಕವಚನವು ಬಹುವಚನವನ್ನೂ, ಬಹುವಚನವು ಏಕವಚನವನ್ನೂ ಒಳಗೊಳ್ಳುತ್ತದೆ. 1860ರ ಭಾರತೀಯ ದಂಡ ಸಂಹಿತೆಯು ತನ್ನ 8ನೆಯ ಕಲಮಿನಲ್ಲಿ 'ಹಿ' ಎಂಬ ಸರ್ವನಾಮದ ಹೆಸರನ್ನೇ ಎತ್ತಿ, ಅದು ಗಂಡಾಗಲಿ ಹೆಣ್ಣಾಗಲಿ ಯಾವ ವ್ಯಕ್ತಿಗೂ ಸಲ್ಲುವದೆಂದು ಹೇಳಿತ್ತು. ಅದರ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ತೃತೀಯ ಲಿಂಗಿಗಳನ್ನೂ ಕೂಡಿಸಿಕೊಂಡಿದ್ದಾರೆ. ಒಂದು ಸರ್ವನಾಮದ ಅರ್ಥ ಬಿಡಿಸಲಿಕ್ಕೆ ಕಾಯಿದೆ ಮಾಡುವವರೇ ಕೂತರೆಂದ ಬಳಿಕ, ನಾವು ಅದಕ್ಕಾಗಿ ಒಂದು ಸಂಜೆ ಕೊಟ್ಟರೆ ಹೆಚ್ಚಾಗಲಿಲ್ಲ.

ಅರ್ಜಿಯ ನಮೂನೆಗಳಲ್ಲಿ ಮಾತ್ರ 'ಹಿ' ಮತ್ತು 'ಶಿ' ಎರಡನ್ನೂ ಅಚ್ಚು ಹಾಕಿ ನಡುವೆ ಓರೆಗೆರೆ ಎಳೆದಿರುತ್ತಾರೆ. ನಿಮಗೆ ಹೊಂದದ್ದನ್ನು ಹೊಡೆದುಹಾಕಬೇಕು. ಇತ್ತೀಚಿನ ನಮೂನೆಗಳಲ್ಲಿ ಒಬ್ಬರಿಗೇ 'ದೇರ್' ಎಂದು ಬರೆದಿದ್ದರೆ ಗಾಬರಿಯಾಗಬೇಡಿರಿ. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ 'ದೇ' ಹಚ್ಚುವ ಪದ್ಧತಿ ಇಂಗ್ಲಿಷಿನಲ್ಲಿ ಬಹಳ ಹಳೆಯದು.

'ನಾವು' ಎಂಬುದರ ತೂಕ

ತಿಕೋಟಾ ಭಾಗದವರಿಗೆ ಜತ್ತ, ಸಾಂಗ್ಲಿಯ ಸಂಪರ್ಕವಿರುವದರಿಂದ ಮರಾಠಿ ಬರುತ್ತದೆ. ಮರಾಠಿಯಲ್ಲಿ 'ನಾವು' ಎನ್ನಲಿಕ್ಕೆ ಎರಡು ಶಬ್ದಗಳಿವೆ. 'ಆಪಣ' ಅಂದರೆ ಕೇಳುವ ನೀನೂ ಸೇರಿ ನಾವು, 'ಆಮ್ಹಿ' ಅಂದರೆ ನಿನ್ನನ್ನು ಬಿಟ್ಟು ನಾವು. ಊಟಕ್ಕೆ ಕರೆಯುವಾಗ ಈ ಭೇದ ಬಹಳ ಉಪಯೋಗದ್ದು. ಕನ್ನಡದ 'ನಾವು' ಮತ್ತು ಇಂಗ್ಲಿಷಿನ 'ವಿ' ಈ ವಿಷಯದಲ್ಲಿ ಒಂದೇ, ಯಾರು ಒಳಗೆ ಯಾರು ಹೊರಗೆ ಎಂದು ಹೇಳುವದಿಲ್ಲ.

ಸಾಲದ ಕಾಗದದಲ್ಲಿ 'ಐ' ಮತ್ತು 'ವಿ' ಎರಡನ್ನೂ ಅಚ್ಚು ಮಾಡಿರುತ್ತಾರೆ. ಜಾಮೀನು ನಿಂತವರು ಹಲವರು, 'ವಿ' ಅಂದರೆ ಎಲ್ಲರೂ ಕೂಡಿ, ನನ್ನ ಪಾಲು ನಾಲ್ಕರಲ್ಲೊಂದು ಎಂದು ತಿಳಿದು ಸಹಿ ಮಾಡುತ್ತಾರೆ. ನಮ್ಮ ಭಾಗದ ಹಿರಿಯರೊಬ್ಬರು ಹೀಗೆಯೇ ತಿಳಿದು ಸ್ನೇಹಿತನ ಸಾಲಕ್ಕೆ ಮೂವರ ಸಂಗಡ ಸಹಿ ಹಾಕಿದರು. ಬಾಕಿಯ ನೋಟೀಸು ಬಂದಾಗ ಅದರಲ್ಲಿದ್ದದ್ದು ನಾಲ್ಕರಲ್ಲೊಂದು ಪಾಲಲ್ಲ, ಪೂರ್ತಿ ಮೊತ್ತ. ಮಗಳ ಮದುವೆಗೆಂದು ಇಟ್ಟದ್ದು ಹೋಯಿತು. ಅನ್ಯಾಯವೆಂದು ಅವರಿಗೆ ಅನಿಸಿತು, ಆದರೆ ಕಾಗದದಲ್ಲಿ 'ವಿ' ಎಂಬುದರ ಬಳಿಯಲ್ಲಿಯೇ 'ಜಾಯಿಂಟ್ಲಿ ಅಂಡ್ ಸೆವರಲಿ' ಎಂದಿತ್ತು. ಎಲ್ಲರೂ ಕೂಡಿಯೂ, ಒಬ್ಬೊಬ್ಬರು ಬೇರೆ ಬೇರೆಯಾಗಿಯೂ ಎಂದು ಅದರ ಅರ್ಥ. 1872ರ ಭಾರತೀಯ ಕರಾರು ಕಾಯಿದೆಯ 43ನೆಯ ಕಲಮಿನಂತೆ, ಬೇರೆ ಮಾತು ಆಗಿರದಿದ್ದರೆ, ಕೂಡಿ ವಚನ ಕೊಟ್ಟವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ವಸೂಲು ಮಾಡಬಹುದು. 128ನೆಯ ಕಲಮು, ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು ಹೇಳುತ್ತದೆ. ಪೂರ್ತಿ ತುಂಬಿದವನು ಉಳಿದವರ ಪಾಲನ್ನು ಅವರಿಂದ ಕೇಳಬಹುದು, ನಿಜ. ಆದರೆ ಕೇಳಿಕೊಂಡು ತಿರುಗುವ ಕೆಲಸ ಅವನ ಕೊರಳಿಗೆ. ಮದುವೆಯ ಕರೆಯೋಲೆಯ 'ನಾವು' ಬೇರೆ, ಸಾಲದ ಕಾಗದದ 'ವಿ' ಬೇರೆ. ಈ 'ವಿ' ಕಂಡಲ್ಲಿ 'ನಾನೊಬ್ಬನೇ' ಎಂದು ಓದಿಕೊಂಡು, ಆಮೇಲೂ ಮನಸ್ಸು ಒಪ್ಪಿದರೆ ಸಹಿ ಮಾಡಿರಿ.

'ತಾನು' ಇಲ್ಲದ ಭಾಷೆ

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. ಈ ಎರಡು ಕನ್ನಡ ವಾಕ್ಯಗಳನ್ನು ಗಟ್ಟಿಯಾಗಿ ಓದಿರಿ.

ಭೀಮಪ್ಪನು ಮಲ್ಲಪ್ಪನಿಗೆ, ತಾನು ಹಣ ತುಂಬಬೇಕು ಎಂದು ಹೇಳಿದನು.

ಭೀಮಪ್ಪನು ಮಲ್ಲಪ್ಪನಿಗೆ, ಅವನು ಹಣ ತುಂಬಬೇಕು ಎಂದು ಹೇಳಿದನು.

ಮೊದಲನೆಯದರಲ್ಲಿ ತುಂಬುವವನು ಭೀಮಪ್ಪ. ಎರಡನೆಯದರಲ್ಲಿ ಭೀಮಪ್ಪನಲ್ಲ, ಮಲ್ಲಪ್ಪನು, ಇಲ್ಲವೆ ಮತ್ತೊಬ್ಬನು. ಹೇಳಿದವನ ಕಡೆಗೇ ತಿರುಗುವ 'ತಾನು' ಎಂಬ ಆತ್ಮಾರ್ಥಕ ಸರ್ವನಾಮ ನಮಗಿರುವದರಿಂದ, ಸಣ್ಣ ಹುಡುಗನಿಗೂ ಸಂಶಯ ಬಾರದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ವಾಕ್ಯ: 'ಭೀಮಪ್ಪ ಟೋಲ್ಡ್ ಮಲ್ಲಪ್ಪ ದ್ಯಾಟ್ ಹಿ ಮಸ್ಟ್ ಪೇ.' ಇಲ್ಲಿ 'ಹಿ' ಯಾರು? ವ್ಯಾಕರಣದಲ್ಲಿ ಇದಕ್ಕೆ ಉತ್ತರವೇ ಇಲ್ಲ. ಇಂಗ್ಲಿಷ್ ತಾಯಿಭಾಷೆಯವರಿಗೂ ಇಲ್ಲ. ಹಿಂದುಮುಂದಿನ ಮಾತು ನೋಡಿ ಊಹಿಸುತ್ತಾರೆ, ಅಷ್ಟೇ. 'ಹಿಮ್‌ಸೆಲ್ಫ್' ಎಂಬ ಶಬ್ದವಿದೆಯಲ್ಲ ಎಂದು ಬಲ್ಲವರು ಕೇಳಬಹುದು. ಅದು 'ಹಿ ಹರ್ಟ್ ಹಿಮ್‌ಸೆಲ್ಫ್', ಅಂದರೆ ತನಗೆ ತಾನೇ ಗಾಯ ಮಾಡಿಕೊಂಡನು ಎಂಬಲ್ಲಿ ಬರುತ್ತದೆ. ನಮ್ಮ 'ತಾನು' ಕೂಡುವ ಈ ಜಾಗದಲ್ಲಿ ಒಂಟಿಯಾಗಿ ಕೂಡಲಾರದು.

ಇಂಗ್ಲಿಷಿನ ವಕೀಲರು ಇದನ್ನು ಚೆನ್ನಾಗಿ ಬಲ್ಲರು. ಅದಕ್ಕಾಗಿಯೇ ಅವರು ಬರೆಯುವ ಕಾಗದದಲ್ಲಿ ಸರ್ವನಾಮ ಕಡಿಮೆ, ಹೆಸರೇ ಹೆಚ್ಚು. ಮೊದಲು ಒಬ್ಬನಿಗೆ 'ಬಾರೋವರ್' ಅಂದರೆ ಸಾಲಗಾರ, ಇನ್ನೊಬ್ಬನಿಗೆ 'ಗ್ಯಾರಂಟರ್' ಅಂದರೆ ಜಾಮೀನುದಾರ ಎಂದು ಹೆಸರಿಟ್ಟು, ಆಮೇಲೆ ಸಾಲುಸಾಲಿಗೂ ಅದನ್ನೇ ಬರೆಯುತ್ತ ಹೋಗುತ್ತಾರೆ. ಲಾವಣಿಯ ಕಾಗದದಲ್ಲಿ 'ಲೆಸರ್' ಅಂದರೆ ಹೊಲ ಕೊಟ್ಟವನು, 'ಲೆಸೀ' ಅಂದರೆ ಹಿಡಿದವನು. ಓದಲು ಬೇಸರ ಬರುತ್ತದೆ, ಆದರೆ ಆ ಬೇಸರ ಬೇಕೆಂದೇ ಇಟ್ಟದ್ದು. ನಮ್ಮ ಹಳೆಯ ಕನ್ನಡ ದಸ್ತಾವೇಜುಗಳಲ್ಲಿ 'ಸದರಿ', 'ಬರೆದುಕೊಟ್ಟವರು', 'ಬರೆಸಿಕೊಂಡವರು' ಎಂದು ಮತ್ತೆ ಮತ್ತೆ ಬರುವದೂ ಇದೇ ಕಾರಣಕ್ಕೆ. ಅಪಾಯವಿರುವದು ವಕೀಲರ ಕಾಗದಕ್ಕಿಂತ, ವ್ಯಾಪಾರಿಯೋ ಪರಿಚಯದವನೋ ಅವಸರದಲ್ಲಿ ಇಂಗ್ಲಿಷಿನಲ್ಲಿ ಬರೆದ ಅರ್ಧ ಹಾಳೆಯಲ್ಲಿ.

ಓದುವ ರೀತಿ ಹೀಗೆ. ಪೆನ್ಸಿಲು ಹಿಡಿಯಿರಿ. ಹಿ, ಹಿಮ್, ಹಿಸ್, ಇಟ್, ದೇ, ವಿ ಎಲ್ಲಿ ಬಂದರೂ ಗೆರೆ ಎಳೆದು, ಅದರ ಮೇಲೆ ಆ ಮನುಷ್ಯನ ಅಥವಾ ವಸ್ತುವಿನ ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಮೂಲ ಕಾಗದದ ಮೇಲಲ್ಲ, ಅದರ ಝೆರಾಕ್ಸ್ ಪ್ರತಿಯ ಮೇಲೆ. ಬರೆಯಲು ಬಾರದೆ ಪೆನ್ಸಿಲು ಎಲ್ಲಿ ನಿಂತಿತೋ ಅಲ್ಲಿ ಪ್ರಶ್ನೆ ಇದೆಯೆಂದು ತಿಳಿಯಿರಿ.

'ಇಟ್' ಮತ್ತು ಬೋರ್ಡೋ ದ್ರಾವಣ

ದ್ರಾಕ್ಷಿಯ ಡೌನಿ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವದು ನಮಗೆ ಹೊಸದಲ್ಲ. ಒಬ್ಬ ಹುಡುಗನು ಮೊಬಾಯಿಲಿನಲ್ಲಿ ಸಿಕ್ಕ ಇಂಗ್ಲಿಷ್ ಟಿಪ್ಪಣಿಯನ್ನು ತಂದು ತೋರಿಸಿದನು. ಅದರ ಸಾರ ಇಷ್ಟು: ಮೈಲುತುತ್ತವನ್ನು ಒಂದು ಪಾತ್ರೆಯಲ್ಲಿ ಕರಗಿಸಿರಿ, ಸುಣ್ಣವನ್ನು ಇನ್ನೊಂದರಲ್ಲಿ ಅರಳಿಸಿರಿ, 'ಪೋರ್ ಇಟ್ ಸ್ಲೋಲಿ ಇನ್ ಟು ದಿ ಅದರ್'. ನಿಧಾನವಾಗಿ 'ಅದನ್ನು' ಇನ್ನೊಂದಕ್ಕೆ ಸುರುವಿರಿ. ಯಾವುದನ್ನು? ಹುಡುಗನ ಲೆಕ್ಕದಲ್ಲಿ ಕೊನೆಗೆ ಬಂದ ಹೆಸರು ಸುಣ್ಣ, ಆದ್ದರಿಂದ 'ಇಟ್' ಅಂದರೆ ಸುಣ್ಣ. ವ್ಯಾಕರಣದಿಂದ ಅವನನ್ನು ತಪ್ಪೆನ್ನಲು ಬಾರದು. ಆದರೆ ಕೆಲಸದಿಂದ ಅದು ತಪ್ಪು. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರುವುತ್ತ, ಕೋಲಿನಿಂದ ಕಲಕುತ್ತ ಇರಬೇಕೇ ಹೊರತು, ಸುಣ್ಣವನ್ನು ಮೈಲುತುತ್ತಕ್ಕೆ ಸುರುವಬಾರದು.

ಕನ್ನಡದಲ್ಲಿ ಬರೆದಿದ್ದರೆ 'ಇದನ್ನು ಅದಕ್ಕೆ' ಎಂದಾದರೂ ಇರುತ್ತಿತ್ತು. ನಮ್ಮ ಸರ್ವನಾಮಗಳು ಬೆರಳು ತೋರಿಸುತ್ತವೆ. 'ಇ'ಕಾರ ಹತ್ತಿರಕ್ಕೆ, 'ಅ'ಕಾರ ದೂರಕ್ಕೆ, ಇವನು-ಅವನು, ಇದು-ಅದು. ಇಂಗ್ಲಿಷಿನ 'ಹಿ' ಮತ್ತು 'ಇಟ್' ಬೆರಳಿಲ್ಲದವು. ಬೇಕಾದರೆ 'ದಿಸ್', 'ದ್ಯಾಟ್' ಎಂದು ಬೇರೆ ಶಬ್ದ ತರಬೇಕು, ಅವಸರದಲ್ಲಿ ಬರೆಯುವವರು ತರುವದಿಲ್ಲ.

ಮಾತು ಬಂದದ್ದಕ್ಕೆ ದ್ರಾವಣದ ವಿಷಯವನ್ನೂ ಮುಗಿಸಿಬಿಡುತ್ತೇನೆ. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ, ಎಲ್ಲ ಕೂಡಿ 100 ಲೀಟರು ನೀರು. ಕಬ್ಬಿಣದ, ತಗಡಿನ ಪಾತ್ರೆ ಬೇಡ, ಪ್ಲಾಸ್ಟಿಕ್ ಅಥವಾ ಮಣ್ಣಿನದು ಇರಲಿ. ತಯಾರಾದ ಮೇಲೆ ಸ್ವಚ್ಛವಾದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಹತ್ತಿದರೆ ತಾಮ್ರ ಬಿಡಿಯಾಗಿ ಉಳಿದಿದೆ, ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಕೂಡಿಸಬೇಕು. ಅದೇ ದಿನ ಹೊಡೆದು ಮುಗಿಸಬೇಕು. ಬಳ್ಳಿಯ ಹಂತ ನೋಡಿ ಪ್ರಮಾಣ ಬದಲಾಗುವದರಿಂದ, ಎಳೆಯ ಚಿಗುರಿಗೆ ಹೊಡೆಯುವ ಮೊದಲು ಕೃಷಿ ಅಥವಾ ತೋಟಗಾರಿಕೆ ಇಲಾಖೆಯವರನ್ನು ಕೇಳಿರಿ.

ಇನ್ನು ಕೆಲವು

'ಸೆಲ್ಫ್' ಹತ್ತಿದ ಶಬ್ದಗಳೆಲ್ಲ ತನ್ನ ಕಡೆಗೆ ತಿರುಗುವಂಥವು. ಝೆರಾಕ್ಸಿನ ಮೇಲೆ 'ಸೆಲ್ಫ್ ಅಟೆಸ್ಟೆಡ್' ಮಾಡಿರಿ ಅಂದರೆ ನೀವೇ ಸಹಿ ಮಾಡಿ ಇದು ಖರೇ ಪ್ರತಿಯೆಂದು ಹೇಳುವದು. ಅದಕ್ಕಾಗಿ ಮತ್ತೊಬ್ಬ ಅಧಿಕಾರಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಸಂದರ್ಶನಕ್ಕೆ ಹೋದ ನಮ್ಮ ತರುಣರು 'ಮೈಸೆಲ್ಫ್ ಸಿದ್ದಪ್ಪ' ಎಂದು ಆರಂಭಿಸುವದು ರೂಢಿಯಾಗಿಬಿಟ್ಟಿದೆ. 'ಐ ಆಮ್ ಸಿದ್ದಪ್ಪ' ಸಾಕು. 'ಹೂ', 'ವಿಚ್', 'ಹೂಜ್' ಎಂಬವು ಹಿಂದಿನ ಹೆಸರಿಗೆ ಗಂಟು ಹಾಕುವ ಸರ್ವನಾಮಗಳು. ನಾವು 'ನಿನ್ನೆ ಬಂದ ಮನುಷ್ಯ' ಎಂದು ಒಂದೇ ಉಸುರಿನಲ್ಲಿ ಹೇಳುವದನ್ನು ಅವರು 'ದ ಮ್ಯಾನ್ ಹೂ ಕೇಮ್ ಯೆಸ್ಟರ್ಡೇ' ಎಂದು ಬಿಡಿಸಿ ಹೇಳುತ್ತಾರೆ. ಮನುಷ್ಯರಿಗೆ ಹೂ, ವಸ್ತುಗಳಿಗೂ ದನಗಳಿಗೂ ವಿಚ್.

'ಈದರ್' ಎಂಬ ಶಬ್ದಕ್ಕೆ ಎರಡು ಮಾತು ಹೆಚ್ಚು ಹೇಳಬೇಕು. ಎರಡರಲ್ಲಿ ಯಾವುದಾದರೂ ಒಂದು ಎಂದು ಅದರ ಅರ್ಥ. ಗಂಡ-ಹೆಂಡತಿ ಕೂಡಿ ಬ್ಯಾಂಕಿನಲ್ಲಿ ಖಾತೆ ತೆಗೆಯುವಾಗ 'ಈದರ್ ಆರ್ ಸರ್ವೈವರ್' ಎಂದು ಬರೆಸಿದರೆ, ಇಬ್ಬರಲ್ಲಿ ಯಾರಾದರೂ ಹಣ ತೆಗೆಯಬಹುದು. ಒಬ್ಬರು ತೀರಿದರೆ ಉಳಿದವರು ತೆಗೆಯಬಹುದು. 'ಫಾರ್ಮರ್ ಆರ್ ಸರ್ವೈವರ್' ಎಂದಿದ್ದರೆ ಮೊದಲ ಹೆಸರಿನವರು ಬದುಕಿರುವವರೆಗೆ ಅವರೊಬ್ಬರೇ. ಇಲ್ಲಿಯ 'ಫಾರ್ಮರ್' ಅಂದರೆ ರೈತನಲ್ಲ, 'ಮೊದಲು ಹೇಳಿದವರು'. ಕನ್ನಡದಲ್ಲಿ ಎರಡೂ ಒಂದೇ ತರಹ ಬರೆಯುವದರಿಂದ, ರೈತರ ಖಾತೆಗೆ ಇದೇ ಸರಿ ಎಂದು ಗುರುತು ಹಾಕಿ ಬಂದವರಿದ್ದಾರೆ!

ಅಭ್ಯಾಸ

ಕೆಳಗಿನ ಅರ್ಧ ಹಾಳೆಯ ಕರಾರನ್ನು ಮನೆಯ ಹುಡುಗರಿಂದ ಓದಿಸಿ, ಪ್ರತಿಯೊಂದು ಸರ್ವನಾಮದ ಮೇಲೆ ಹೆಸರು ಬರೆಸಿರಿ.

'ಭೀಮಪ್ಪ ಗಿವ್ಸ್ ಹಿಸ್ ವೆಲ್ ಅಂಡ್ ಹಿಸ್ ಪಂಪ್ ಟು ಮಲ್ಲಪ್ಪ ಫಾರ್ ಒನ್ ಇಯರ್. ಹಿ ಶಲ್ ರಿಪೇರ್ ಇಟ್ ವೆನ್ ಇಟ್ ಫೇಲ್ಸ್.'

ಬಾವಿ ಹಾಗೂ ಪಂಪು ಒಂದು ವರುಷಕ್ಕೆ ಮಲ್ಲಪ್ಪನಿಗೆ. ಕೆಟ್ಟಾಗ 'ಅವನು' 'ಅದನ್ನು' ದುರಸ್ತಿ ಮಾಡಿಸಬೇಕು ಎಂದು ಇದರ ಭಾವ. ಮೊದಲಿನ ಎರಡು 'ಹಿಸ್' ಭೀಮಪ್ಪನವು, ಸಂಶಯವಿಲ್ಲ. 'ಹಿ' ಎಂಬಲ್ಲಿ ಪೆನ್ಸಿಲು ನಿಲ್ಲುತ್ತದೆ. ಭೀಮಪ್ಪನೂ ಆದೀತು, ಮಲ್ಲಪ್ಪನೂ ಆದೀತು. 'ಇಟ್' ಎಂಬಲ್ಲಿ ಎರಡನೆಯ ಸಲ ನಿಲ್ಲುತ್ತದೆ. ಕೆಡುವದು ಪಂಪೋ, ಬತ್ತುವದು ಬಾವಿಯೋ? ಪಂಪಿನ ದುರಸ್ತಿಗೆ ಸಾವಿರಗಳಲ್ಲಿ ಹೋಗುತ್ತದೆ, ಬಾವಿ ಆಳ ಮಾಡಿಸಲು ಲಕ್ಷಗಳಲ್ಲಿ. ಇಬ್ಬರೂ ಕೂತು ಮಾತಾಡಿ, ಉದಾಹರಣೆಗೆ 'ಮಲ್ಲಪ್ಪ ಶಲ್ ರಿಪೇರ್ ದ ಪಂಪ್ ವೆನ್ ದ ಪಂಪ್ ಫೇಲ್ಸ್' ಎಂದು ಬರೆದು, ಬಾವಿಯ ಖರ್ಚು ಯಾರದೆಂದು ಬೇರೆ ಸಾಲಿನಲ್ಲಿ ಹೆಸರು ಹಾಕಿ ಬರೆಯಬೇಕು. ಹಾಗೆ ಬರೆಯುವವರೆಗೆ ಸಹಿಯ ಜಾಗ ಖಾಲಿ ಇರಲಿ.